ಅಮ್ಮನೋರ ತಟ್ಟೆಯಲ್ಲಿ ಮಾತ್ರೆ

ಮೊನ್ನೆ ಬೈಂದೂರಿನಿಂದ ಮನೆಗೆ ಬರುವ ಬಸ್ಸಿನಲ್ಲಿ ನನ್ನ ಕಿಸೆಯೊಳಗೆ ಜಾಗಟೆ ಬಡಿಯಿತು. ಉತ್ಪ್ರೇಕ್ಷೆ ಅಲ್ಲ, ಜಾಗಟೆಯೇ. ದೀಪ ಹಚ್ಚುವ ಹೊತ್ತು, ಬಸ್ಸು ಕಿರಿಮಂಜೇಶ್ವರದ ಸ್ಟಾಪಿನಲ್ಲಿ ನಿಂತಿತ್ತು. ಪಕ್ಕದಲ್ಲಿ ಕೂತಿದ್ದ ವಯಸ್ಸಾದ ಹೆಂಗಸು ತಮ್ಮ ಚೀಲವನ್ನು ನನ್ನ ತೊಡೆಯ ಮೇಲಿಟ್ಟು ದೇವಸ್ಥಾನದ ದಿಕ್ಕಿಗೆ ಕೈಮುಗಿದರು. ಅವರನ್ನು ನೋಡಿ ಹಿಂದಿನ ಸೀಟಿನವರು ಮುಗಿದರು. ಡ್ರೈವರು ಕನ್ನಡಿಯಲ್ಲಿ ಎಲ್ಲರನ್ನೂ ನೋಡಿ, ಯಾವುದಕ್ಕೂ ಇರಲಿ ಎಂದು ತಾನೂ ಗಲ್ಲ ಮುಟ್ಟಿಕೊಂಡ. ಇಡೀ ಬಸ್ಸಿನಲ್ಲಿ ಕೈಮುಗಿಯದೆ ಉಳಿದವನು ನಾನೊಬ್ಬ. ಯಾಕೆಂದರೆ ನನ್ನ ಎರಡೂ ಕೈ ಬಿಗಿ ಪ್ಯಾಂಟಿನ ಕಿಸೆಯಿಂದ ಫೋನು ಎಳೆಯುವ ಯುದ್ಧದಲ್ಲಿದ್ದವು.

ಕಂಡಕ್ಟರು ತಲೆಯ ಮೇಲೆ ನಿಂತು, "ಹ್ವಾಯ್, ನಿಮ್ದ್ ಮಂಗಳಾರತಿ ಆಯ್ತಾ? ಆದ್ರೆ ಟಿಕೆಟ್ ಮಾಡ್ಕಣಿ" ಅಂದ.

"ಇದ್ ದೇವಸ್ಥಾನದ್ದ್ ಅಲ್ದಾ ಮಗಾ?" ಅಂತ ಆ ಹೆಂಗಸು.

"ಅಲ್ಲ ಅಮ್ಮಾ, ಅಲಾರಾಂ. ನಮ್ಮತ್ತಿ ಮಾತ್ರಿ ತಿಂಬು ಹೊತ್ತ್."

"ಮಾತ್ರಿಗೆ ಜಾಗಟಿಯಾ!" ಎಂದು ಅವರು ಚೀಲವನ್ನು ವಾಪಸು ತಮ್ಮ ತೊಡೆಗೆ ತೆಗೆದುಕೊಂಡರು. ಇಂಥವನ ಬಳಿ ಚೀಲ ಇಡುವುದು ಕ್ಷೇಮವಲ್ಲ ಎಂದು ಕಂಡಿರಬೇಕು. ಅವರು ಮರವಂತೆಯಲ್ಲಿ ಇಳಿಯುವವರು. ಅಷ್ಟರೊಳಗೆ ಹೇಳಿ ಮುಗಿಯುವ ಕಥೆ ಅಲ್ಲ ಅದು. ನಿಮಗೇನು ಇಳಿಯುವ ಅವಸರ ಇಲ್ಲವಲ್ಲ? ಹಾಗಾದರೆ ಸ್ವಲ್ಪ ಈಚೆ ಸರಿದು ಕೂತುಕೊಳ್ಳಿ.

ಗಿರಿಜತ್ತೆ ನನ್ನ ಅಪ್ಪಯ್ಯನ ಅಕ್ಕ. ಮದುವೆಯಾಗಲಿಲ್ಲ, ಬಸ್ರೂರಿನಲ್ಲಿ ನಮ್ಮ ಜೊತೆಗೇ ಇದ್ದಾಳೆ. ಅವಳ ಕೆಲಸ ಹೂ ಕಟ್ಟಿ ಅಂಗಡಿಗೆ ಕೊಡುವುದು. ಮಲ್ಲಿಗೆ, ಅಬ್ಬಲಿಗೆ, ಯಾವುದಾದರೂ ಸರಿ. ಬಾಳೆನಾರು ಒದ್ದೆ ಮಾಡಿಟ್ಟುಕೊಂಡು ಕೂತಳೆಂದರೆ ಬೆರಳು ಕಾಣುವುದಿಲ್ಲ, ಮಾಲೆ ಮಾತ್ರ ಉದ್ದವಾಗುತ್ತಾ ಹೋಗುತ್ತದೆ. ಮೊದಲ ತುಂಡು ದೇವರ ಕೋಣೆಯ ಅಮ್ಮನೋರಿಗೆ, ಆಮೇಲೆ ಅಂಗಡಿಗೆ. ಕಟ್ಟುತ್ತಾ ಅಮ್ಮನೋರ ಹತ್ತಿರ ಮಾತಾಡುವುದು ಅವಳ ಅಭ್ಯಾಸ. "ಇವತ್ತ್ ಮೊಗ್ಗ್ ಸಣ್ಣ, ಅಲ್ದಾ?" "ಬಿಸ್ಲ್ ಎಂತ ನಮ್ನಿ ಇತ್ತ್ ಕಾಣಿ!" ಇದರಲ್ಲಿ ವಿಶೇಷವೇನೂ ಇರಲಿಲ್ಲ. ನನ್ನ ಅಬ್ಬಿ, ಅಂದರೆ ಅಮ್ಮ, ಗ್ಯಾಸ್ ಸಿಲಿಂಡರಿನ ಹತ್ತಿರ ಮಾತಾಡುತ್ತಾಳೆ. ಅಪ್ಪಯ್ಯ ತನ್ನ ಅಂಗಡಿಯ ತಕ್ಕಡಿಗೆ ಬೈಯುತ್ತಾನೆ. ನಾನು ಮೊಬೈಲ್ ರಿಪೇರಿಯವನು, ಸತ್ತ ಫೋನುಗಳಿಗೆ ದಿನಾ ಧೈರ್ಯ ಹೇಳುತ್ತೇನೆ. ನಮ್ಮ ಮನೆಯಲ್ಲಿ ಎಲ್ಲರೂ ಮಾತಾಡುವವರೇ, ಉತ್ತರಕ್ಕೆ ಯಾರೂ ಕಾಯುವುದಿಲ್ಲ.

ಒಂದು ದಿನ ಅತ್ತೆಗೆ ಉತ್ತರ ಬಂತು.

ಅದು ನಾನು ಕಾಲೇಜಿನಲ್ಲಿದ್ದಾಗಿನ ಮಾತು. ಮೊದಮೊದಲು ಸಣ್ಣ ಸಣ್ಣ ಉತ್ತರಗಳು. ಮೊಗ್ಗು ಸಣ್ಣದಾದರೂ ಪರಿಮಳ ಇದೆ ಅಂದರಂತೆ. ನಾಳೆ ಮಳೆ ಅಂದರಂತೆ. ಆಷಾಢದಲ್ಲಿ ನಾಳೆ ಮಳೆ ಅನ್ನುವುದಕ್ಕೆ ಅಮ್ಮನೋರೇ ಬೇಕೆಂದಿಲ್ಲ, ಆದರೂ ಮನೆಯವರೆಲ್ಲ ಪುಳಕಗೊಂಡೆವು. ಅಷ್ಟು ವರ್ಷ ಹೂ ಕೊಟ್ಟವಳಿಗೆ ಅಮ್ಮನೋರು ಒಲಿಯದೆ ಇನ್ಯಾರಿಗೆ ಒಲಿಯಬೇಕು? ನಾನಂತೂ ಓಡಿ ಹೋಗಿ ಕೇಳಿಸಿದೆ: "ಅತ್ತೀ, ನಾ ಅಕೌಂಟ್ಸಂಗೆ ಪಾಸ್ ಆತೆನಾ ಕೇಣ್."

ಅತ್ತೆ ಕಣ್ಣುಮುಚ್ಚಿ ಕೂತಳು. ಆಮೇಲೆ, "ಓದುಕೆ ಹೇಳ್ ಅಂಬ್ರ್" ಅಂದಳು.

ಆ ಒಂದು ವಿಷಯದಲ್ಲಿ ಅಮ್ಮನೋರಿಗೂ ಅಪ್ಪಯ್ಯನಿಗೂ ಒಳ ಒಪ್ಪಂದ ಇದೆ ಎಂದು ನನಗೆ ಈಗಲೂ ಸಂಶಯ. ನಾನು ಓದಲಿಲ್ಲ. ಪಾಸೂ ಆಗಲಿಲ್ಲ. ಹಾಗಾಗಿ ನುಡಿ ಸುಳ್ಳಾಯಿತು ಅನ್ನುವ ಹಾಗೂ ಇಲ್ಲ.

ಸುದ್ದಿ ಹಬ್ಬಿತು. ದನ ಕಳೆದುಕೊಂಡವರು ಬಂದರು, ಮಗಳಿಗೆ ಸಂಬಂಧ ಕೂಡಿ ಬಾರದವರು ಬಂದರು, ಅಬ್ಬಿ ಚಾ ಮಾಡಿ ಮಾಡಿ ಸುಸ್ತಾದಳು. ನಾನು ಗೇಟಿನ ಹತ್ತಿರ ನಿಂತು "ಚಪ್ಪಲ್ ಸಾಲಂಗೆ ಇಡಿ, ದೂಡಬೇಡಿ" ಅನ್ನತೊಡಗಿದೆ. ದೂಡುವಷ್ಟು ಜನ ಇದ್ದರೆಂದು ತಿಳಿಯಬೇಡಿ, ಮೂರೋ ನಾಲ್ಕೋ ಜನ. ಆದರೆ ನನ್ನ ಕಣ್ಣಿಗೆ ಆಗಲೇ ಒಂದು ಫ್ಲೆಕ್ಸು ಕಾಣುತ್ತಿತ್ತು. ಅದರಲ್ಲಿ ಮೇಲೆ ಅಮ್ಮನೋರು, ನಡುವೆ ಅತ್ತೆ, ಕೆಳಗೆ ಕಪ್ಪು ಕನ್ನಡಕ ಹಾಕಿದ ಸಮಿತಿಯ ಅಧ್ಯಕ್ಷನಾಗಿ ನಾನು.

ಫ್ಲೆಕ್ಸಿನ ಕನಸು ಕಾಣುತ್ತಿದ್ದವನಿಗೆ ಅತ್ತೆ ನಿದ್ದೆ ಮಾಡುತ್ತಿಲ್ಲ ಅನ್ನುವುದು ಕಾಣಲಿಲ್ಲ.

ಮೊದಲು ಕೇಳಿದರೆ ಮಾತ್ರ ಉತ್ತರ ಬರುತ್ತಿತ್ತು. ಆಮೇಲೆ ಕೇಳದಿದ್ದರೂ ಬರತೊಡಗಿತು. ಮತ್ತೂ ಆಮೇಲೆ ನಿಲ್ಲಲೇ ಇಲ್ಲ. ಅನ್ನ ಮುಟ್ಟಬೇಡ ಅಂದರಂತೆ, ಅತ್ತೆ ಊಟ ಬಿಟ್ಟಳು. ಪಕ್ಕದ ಮನೆಯ ಸುಶೀಲಕ್ಕ ನಮ್ಮ ಬಾವಿಗೆ ಏನೋ ಹಾಕಿದ್ದಾರೆ ಅಂದರಂತೆ, ಅತ್ತೆ ನೀರು ಬಿಟ್ಟಳು. ಸುಶೀಲಕ್ಕ ಅತ್ತೆಯ ಜೊತೆ ಒಂದೇ ಬೆಂಚಿನಲ್ಲಿ ಶಾಲೆ ಕಲಿತವರು. ಅವರು ನಮ್ಮ ಅಂಗಳದಲ್ಲಿ ನಿಂತು, "ನಾ ಎಂತ ಹಾಕ್ಲಿ ಗಿರಿಜಾ? ನಾವೂ ಅದೇ ಬಾವಿ ನೀರ್ ಕುಡುದಲ್ದಾ?" ಅಂತ ಅತ್ತರು. ಹೂವನ್ನು ಅಂಗಡಿಗೆ ಕೊಡಬಾರದು ಅಂದದ್ದರಿಂದ ಮಾಲೆಗಳೆಲ್ಲ ದೇವರ ಕೋಣೆಯಲ್ಲೇ ರಾಶಿ ಬಿದ್ದು ಕೊಳೆತವು. ಮಲ್ಲಿಗೆ ಕೊಳೆತರೆ ಎಂಥ ವಾಸನೆ ಬರುತ್ತದೆಂದು ನಮಗೆ ಆಗ ಗೊತ್ತಾಯಿತು. ಪ್ರಶ್ನೆ ಕೇಳುವವರು ಒಬ್ಬೊಬ್ಬರಾಗಿ ಬರುವುದು ಬಿಟ್ಟರು.

ಒಂದು ಬೆಳಿಗ್ಗೆ ಅತ್ತೆ ಮನೆಯಲ್ಲಿರಲಿಲ್ಲ. ಹೊಳೆಯ ಬದಿಯ ನೀರಿನಲ್ಲಿ ಸಿಕ್ಕಿದಳು. ಸೀರೆ ಸೊಂಟದವರೆಗೆ ಒದ್ದೆ. ಅಪ್ಪಯ್ಯ ನೀರಿಗಿಳಿದು ರಟ್ಟೆ ಹಿಡಿದರೆ, "ಬಿಡಾ, ಅಮ್ನೋರ್ ಕರೀತಿದ್ರ್" ಅಂದಳು. ನಾನು ಎಲ್ಲದಕ್ಕೂ ಒಂದು ತಮಾಷೆ ಹುಡುಕುವವನು. ಇದಕ್ಕೂ ಹುಡುಕಿದ್ದೇನೆ. ಸಿಕ್ಕಿಲ್ಲ.

ಆಸ್ಪತ್ರೆಗೆ ಓಡಿದೆವು ಎಂದು ನೀವು ತಿಳಿದರೆ ನಮ್ಮೂರು ನಿಮಗೆ ಗೊತ್ತಿಲ್ಲ. ನಾವು ಓಡಿದ್ದು ದರ್ಶನಕ್ಕೆ. ದರ್ಶನ ಅಂದರೆ ಪಾತ್ರಿಯ ಮೈಮೇಲೆ ದೇವರು ಬಂದು ನುಡಿ ಕೊಡುವುದು. ನಮ್ಮ ಪಾತ್ರಿ ಮಂಜಣ್ಣ ಹಂಗಾರಕಟ್ಟೆಯಲ್ಲಿ ದೋಣಿ ಕಟ್ಟುವ ಕೆಲಸದವನು. ದರ್ಶನದ ದಿನ ಕೆಂಪು ಪಟ್ಟೆ ಉಟ್ಟು, ಕೈಯಲ್ಲಿ ಅಡಿಕೆಯ ಹಿಂಗಾರ ಹಿಡಿದು, ಗಂಟೆ ಜಾಗಟೆಯ ಸದ್ದಿಗೆ ನಡುಗತೊಡಗಿದ ಎಂದರೆ ಬೆಳಿಗ್ಗೆ ಬೀಡಿ ಸೇದುತ್ತಾ ನಮ್ಮ ಕಣ್ಣಿಗೆ ಬಿದ್ದ ಮಂಜಣ್ಣ ಅವನೇ ಎಂದು ನಂಬುವುದು ಕಷ್ಟ. ಅತ್ತೆ ಕೈಮುಗಿದು ನಿಂತಿದ್ದಳು. ಅಪ್ಪಯ್ಯ ದುಃಖ ಹೇಳಿಕೊಂಡ. ನುಡಿ ಬಂತು: "ನನ್ನ ಮಗಳ್. ನಾನ್ ಕಾಯ್ತೆ." ಅಷ್ಟೇ. ಅಪ್ಪಯ್ಯನಿಗೆ ಸಮಾಧಾನವಾಯಿತು. ನನಗೆ ಆಗಲಿಲ್ಲ. ಕಾಯುವುದಾದರೆ ಹ್ಯಾಗೆ, ಯಾವಾಗಿನಿಂದ, ಸ್ವಲ್ಪ ವಿವರ ಬೇಡವೇ?

ತೀರ್ಥ ಕೊಟ್ಟ ಮೇಲೆ ಮಂಜಣ್ಣ ಮತ್ತೆ ಮಂಜಣ್ಣನಾದ. ಅಂಗಿ ಹಾಕಿಕೊಂಡು ಜಗಲಿಯಲ್ಲಿ ನಮ್ಮ ಜೊತೆ ಚಾ ಕುಡಿಯಲು ಕೂತ. ಒಂದು ಗೋಳಿಬಜೆ ಮುರಿದು ಅತ್ತೆಯ ಕಡೆ ಚಾಚಿದ. "ತಿನ್ನಿ ಗಿರಿಜಕ್ಕ."

"ಬೇಡ. ಅಮ್ನೋರ್ ತಿಂಬುಕೆ ಬಿಡ್ತಿಲ್ಲೆ."

ಮಂಜಣ್ಣ ಗೋಳಿಬಜೆಯನ್ನು ತಟ್ಟೆಗೆ ವಾಪಸು ಇಟ್ಟ. "ಗಿರಿಜಕ್ಕ, ಈಗ ಮಾತಾಡುದ್ ದೇವ್ರಲ್ಲ, ನಾನ್. ನನ್ ಮೈಮೇಲೆ ಬಪ್ದಕ್ಕೆ ಒಂದ್ ಕ್ರಮ ಇತ್ತ್. ಕರದ್ರೆ ಬತ್ತ್, ತೀರ್ಥ ಕೊಟ್ರೆ ಹೋತ್ತ್. ಮತ್ತೆ ನಾ ಮನಿಗ್ ಹೋಯಿ ಗಂಜಿ ಉಂಡ್ಕಂಡ್ ಮನಿಕಂತೆ. ಕರೀದೆ ಬಪ್ದ್, ಬಂದದ್ದ್ ಹೋಗ್ದೆ ಕೂಕಂಬ್ದ್, ಗಂಜಿ ಉಂಬುಕೆ ಬಿಡದ್ದೆ ಇಪ್ದ್... ಅಮ್ಮ ಅಂಬರ್ ಮಕ್ಳನ್ನ ಹಸ್ದ್ ಕೂರಸ್ತ್ರಾ?"

ಅತ್ತೆ ತಟ್ಟೆಯ ಗೋಳಿಬಜೆಯನ್ನೇ ನೋಡಿದಳು.

"ನಂಗೆ ಜ್ವರ ಬಂದ್ರೆ ನಾನೂ ಡಾಕ್ಟ್ರತ್ರವೇ ಹೋಪ್ದ್" ಅಂದ ಮಂಜಣ್ಣ ಅಪ್ಪಯ್ಯನ ಕಡೆ ತಿರುಗಿ. "ನಮ್ಮ ಭಾವನಿಗೆ ಹಿಂಗೇ ಆಯಿತ್ತ್. ಊರೆಲ್ಲ ದರ್ಶನ ಮಾಡ್ಸಿ ಮುಗ್ದ್ ಮೇಲೆ ಕುಂದಾಪ್ರಕ್ಕೆ ಹೋದ್ದ್. ಮೊದ್ಲೇ ಹೋಯ್ಕಿತ್ತ್. ನೀವು ತಡ ಮಾಡ್ಬೇಡಿ. ಕಾಯ್ತೆ ಅಂದೇಳಿ ದೇವ್ರೇ ಹೇಳಿತ್ತಲೆ, ಡಾಕ್ಟ್ರ ಕೈಯಂಗ್ ಕಾಯ್ದ್ರೆ ಬೇಡ ಅಂಬುದಾ?"

ಹೀಗೆ ನಾವು ಕುಂದಾಪುರದ ಮನೋರೋಗದ ಡಾಕ್ಟರ ಎದುರು ಕೂತೆವು. ವಿಷಯವನ್ನು ಸೂಕ್ಷ್ಮವಾಗಿ ಹೇಳುವ ಹೊಣೆ ನನ್ನದು. ದಾರಿಯುದ್ದಕ್ಕೂ ಭಾಷಣ ತಯಾರು ಮಾಡಿದ್ದೆ. ಒಳಗೆ ಹೋದವನೇ, "ಡಾಕ್ಟ್ರೇ, ನಮ್ಮತ್ತೆಗೆ ದೇವರ ನೆಟ್‌ವರ್ಕ್ ಸ್ವಲ್ಪ ಜಾಸ್ತಿ ಸಿಗ್ತಾ ಇದೆ" ಅಂದುಬಿಟ್ಟೆ. ಅಪ್ಪಯ್ಯ ಮೇಜಿನ ಕೆಳಗೆ ನನ್ನ ಕಾಲು ತುಳಿದ. ಡಾಕ್ಟರು ನಗಲಿಲ್ಲ. ಅವರು ನನ್ನನ್ನು ನೋಡಲೇ ಇಲ್ಲ, ಕುರ್ಚಿಯನ್ನು ಅತ್ತೆಯ ಕಡೆ ತಿರುಗಿಸಿಕೊಂಡರು.

"ಅಮ್ಮಾ, ದೇವರು ಮಾತಾಡಿದ ಮೇಲೆ ನಿಮಗೆ ಸಮಾಧಾನ ಆಗ್ತದಾ, ಹೆದರಿಕೆ ಆಗ್ತದಾ?"

ಅಷ್ಟು ದಿನ ನಾವ್ಯಾರೂ ಕೇಳದ ಪ್ರಶ್ನೆ ಅದು. ಅತ್ತೆ ಸೆರಗಿನ ತುದಿ ಬೆರಳಿಗೆ ಸುತ್ತಿದಳು. "ಮೊದ್ಲ್ ಸಮಾಧಾನ ಆತಿತ್ತ್. ಈಗ ಹೆದ್ರಿಕಿ."

"ಹಾಗಾದರೆ ಹೆದರಿಕೆಗೆ ಮದ್ದು ಕೊಡ್ತೇನೆ. ದೇವರಿಗಲ್ಲ."

ಕಾಯಿಲೆಯ ಹೆಸರನ್ನೂ ಹೇಳಿದರು. ಸ್ಕಿಜೋಫ್ರೇನಿಯಾ ಎಂಬ ಆ ಹೆಸರು ಅಪ್ಪಯ್ಯನ ಬಾಯಲ್ಲಿ ಈಗಲೂ ಅರ್ಧದಲ್ಲಿ ಬ್ರೇಕ್ ಹಾಕುತ್ತದೆ. ನಾನು ಫೋನಿನಲ್ಲಿ ಅದರ ಬಗ್ಗೆ ಓದುತ್ತಾ ಕೂತೆ. ಸಂಜೆಯೊಳಗೆ ಆ ಕಾಯಿಲೆ ನನಗಿತ್ತು, ಅಪ್ಪಯ್ಯನಿಗಿತ್ತು, ನಮ್ಮ ಬೆಕ್ಕಿಗೂ ಇತ್ತು.

ಮಾತ್ರೆ ಶುರುವಾಯಿತು. ಅತ್ತೆ ನಿದ್ದೆ ಮಾಡಿದಳು. ಗಂಜಿ ಉಂಡಳು. ಬಾವಿಯ ನೀರು ಕುಡಿದಳು. ಸ್ವರ ಸಣ್ಣದಾಗುತ್ತಾ ಬಂದು ಒಂದು ದಿನ ನಿಂತೇಹೋಯಿತು ಅಂದಳು. ನಮಗೆಲ್ಲ ಹಬ್ಬ. ಅಬ್ಬಿ ಕೊಟ್ಟೆ ಕಡುಬು ಮಾಡಿದಳು, ನಾನು ಅತ್ತೆಯ ಆರೋಗ್ಯಕ್ಕಾಗಿ ಏಳು ತಿಂದೆ. ಅತ್ತೆ ಮಾತ್ರ ಕಡುಬಿನ ಎಲೆ ಬಿಡಿಸುತ್ತಾ, ಯಾರೋ ಊರಿಗೆ ಹೋದ ಮನೆಯಲ್ಲಿ ಕೂತ ಹಾಗೆ ಕೂತಿದ್ದಳು. ಜೊತೆಗೆ ಮಾತ್ರೆಯಿಂದ ಅವಳ ಕೈ ನಡುಗತೊಡಗಿತ್ತು. ನಾರಿನೊಳಗೆ ಮೊಗ್ಗು ನಿಲ್ಲುತ್ತಿರಲಿಲ್ಲ.

ಕೆಲವು ವಾರ ಕಳೆದು ಹೂವಿನ ಬುಟ್ಟಿ ತೊಳೆಯುವಾಗ ತಳದ ಬಾಳೆಲೆಯಡಿಯಲ್ಲಿ ಅಬ್ಬಿಗೆ ಮಾತ್ರೆಗಳು ಸಿಕ್ಕಿದವು. ಅಪ್ಪಯ್ಯ ಜನ್ಮದಲ್ಲಿ ಅಕ್ಕನ ಮೇಲೆ ಸ್ವರ ಎತ್ತಿದವನಲ್ಲ. ಅವತ್ತು ಎತ್ತಿದ. "ಎಂತಕೆ ತಿಂತಿಲ್ಲೆ ನೀನ್? ಮತ್ತೆ ಹೊಳಿಗೆ ಹೋಯ್ಕಾ ನಿಂಗೆ?"

ಅತ್ತೆ ತಣ್ಣಗೆ ಹೇಳಿದಳು: "ಇದ್ ತಿಂದ್ರೆ ಅಮ್ನೋರ್ ಮಾತಾಡ್ತಿಲ್ಲೆ. ಈ ಮನಿಯಂಗೆ ನನ್ನತ್ರ ಮಾತಾಡುರ್ ಮತ್ಯಾರಿದ್ರಾ?"

ಅಪ್ಪಯ್ಯ ಮಾತ್ರೆಗಳನ್ನು ಒಂದೊಂದಾಗಿ ಹೆಕ್ಕಿದ. ಅಬ್ಬಿ ತೊಳೆದ ಬುಟ್ಟಿಯನ್ನೇ ಮತ್ತೆ ತೊಳೆದಳು. ನಾನು ಲೆಕ್ಕ ಹಾಕಿ ನೋಡಿದೆ: ನಾವು ಅತ್ತೆಯ ಹತ್ತಿರ ಆಡುವ ಮಾತು ಯಾವುದು? ಉಂಡ್ಯಾ, ಹೂ ಕೊಟ್ಯಾ, ಮಾತ್ರಿ ತಿಂದ್ಯಾ. ಅಷ್ಟೇ.

ಇಂಥ ಕಡೆ ಬುದ್ಧಿವಂತರು ಡಾಕ್ಟರಿಗೆ ಫೋನು ಮಾಡುತ್ತಾರೆ. ನಾನು ಯಕ್ಷಗಾನದ ಮೊರೆಹೋದೆ. ನಮ್ಮೂರ ಹವ್ಯಾಸಿ ಸಂಘದಲ್ಲಿ ನಾನೂ ಒಬ್ಬ ಕಲಾವಿದ. ನನ್ನ ಇದುವರೆಗಿನ ಏಕೈಕ ಪಾತ್ರ ದೇವಿಯ ಸಿಂಹ. ಅದೂ ರಂಗಸ್ಥಳಕ್ಕೆ ನುಗ್ಗುವಾಗ ಬಾಲ ಬಾಗಿಲಿಗೆ ಸಿಕ್ಕಿ ಅಲ್ಲೇ ಉಳಿದು, ಮಹಿಷಾಸುರ ನನ್ನ ಬಾಲ ತಂದುಕೊಟ್ಟದ್ದು ಊರಿಗೆಲ್ಲ ಗೊತ್ತಿದೆ. ಆದರೂ ದೇವಿಯ ಅರ್ಥಗಾರಿಕೆಯನ್ನು ಅಷ್ಟು ಹತ್ತಿರದಿಂದ ಕೇಳಿದವನು ನಾನಲ್ಲದೆ ಇನ್ಯಾರು? ಅಮ್ಮನೋರೇ ಹೇಳಿದರೆ ಅತ್ತೆ ಮಾತ್ರೆ ತಿನ್ನದೆ ಏನು ಮಾಡಿಯಾಳು?

ದೇವರ ಕೋಣೆಯ ಹಿಂದೆ ನಮ್ಮ ಉಗ್ರಾಣ. ನಡುವಿನ ಗೋಡೆಯಲ್ಲಿ ಮೇಲೊಂದು ಗವಾಕ್ಷಿ. ಸಂಜೆ ಅತ್ತೆ ದೀಪ ಹಚ್ಚಿ ಕೂತ ಹೊತ್ತಿಗೆ ಅಕ್ಕಿಯ ಡ್ರಮ್ಮಿನ ಮುಚ್ಚಳದ ಮೇಲೆ ಹತ್ತಿ ನಿಂತು, ಗವಾಕ್ಷಿಗೆ ಬಾಯಿಟ್ಟು, ಹೆಣ್ಣು ಸ್ವರದಲ್ಲಿ ಶುರುಮಾಡಿದೆ: "ಎಲೌ ಭಕ್ತಶಿರೋಮಣಿಯೇ! ವೈದ್ಯೋತ್ತಮರು ದಯಪಾಲಿಸಿದ ಗುಳಿಗೆಯನ್ನು ತ್ವರಿತದಿಂದ ಸೇವಿಸುವಂಥವಳಾಗು!"

ಆ ಕಡೆ ನಿಶ್ಶಬ್ದ. ಭಕ್ತಿಯ ಪರವಶತೆ ಇರಬೇಕೆಂದು ಎರಡನೇ ವಾಕ್ಯಕ್ಕೆ ಉಸಿರೆಳೆದುಕೊಂಡೆ. ಅಬ್ಬಿ ಒಣಗಿಸಿಟ್ಟ ಮೆಣಸಿನ ಘಾಟು ಮೂಗಿಗೆ ಹೋಯಿತು. ಜಗನ್ಮಾತೆ ಸೀನಿದಳು. ಮುಚ್ಚಳ ಜಾರಿತು. ನಾನು ಸೊಂಟದವರೆಗೆ ಕುಚ್ಚಲಕ್ಕಿಯೊಳಗೆ ಇಳಿದೆ.

"ಮಾಣೀ," ಅಂತ ಕೇಳಿಸಿತು, "ಉಗ್ರಾಣದಂಗೆ ಎಂತ ಮಾಡ್ತಿದ್ದೆ?"

ಅತ್ತೆ ದೀಪ ಹಿಡಿದುಕೊಂಡು ಬಂದು ಬಾಗಿಲಲ್ಲಿ ನಿಂತಳು. ಡ್ರಮ್ಮಿನಲ್ಲಿ ಅರ್ಧ ಹುಗಿದುಹೋದ ನನ್ನನ್ನು ಮೇಲಿನಿಂದ ಕೆಳಗೆ ನೋಡಿದಳು. "ನಮ್ ಅಮ್ನೋರ್ ಹಾಂಗೆಲ್ಲ ಮಾತಾಡ್ತಿಲ್ಲೆ ಮಾರಾಯಾ. ಅವ್ರ್ 'ಹೋಯ್ ಹೆಣ್ಣೇ' ಅಂಬ್ರ್, ನಮ್ ಹಾಂಗೇ. ನಿನ್ ಅಮ್ನೋರ್ ಯಾವ್ ಮ್ಯಾಳದರ್?"

ಅಷ್ಟು ಹೇಳಿ ಅವಳಿಗೇ ನಗು ಬಂತು. ದೀಪ ನೆಲಕ್ಕಿಟ್ಟು, ಹೊಸಿಲ ಮೇಲೆ ಕೂತು, ಹೊಟ್ಟೆ ಹಿಡಿದುಕೊಂಡು ನಕ್ಕಳು. ಅಬ್ಬಿ ಓಡಿಬಂದಳು, ಯಾಕೆಂದರೆ ಆ ನಗು ಕೇಳಿ ನಮಗೆಲ್ಲ ವರ್ಷವೇ ಆಗಿತ್ತು.

ನನಗೆ ಡ್ರಮ್ಮಿನಿಂದ ಮೇಲೆ ಬರಲು ಆಗಲಿಲ್ಲ. ಹಾಗಾಗಿ ಅಲ್ಲಿಂದಲೇ ಕೇಳಿದೆ: "ಹಾಂಗಾರೆ ಹ್ಯಾಂಗ್ ಮಾತಾಡ್ತಿದ್ರ್ ಅತ್ತೀ?"

ಅವಳು ಹೇಳಿದಳು. ಮೊದಲಿನ ಸ್ವರ ಅಜ್ಜಿಯ ಸ್ವರದ ಹಾಗೆ ಇತ್ತಂತೆ, ತಲೆಗೆ ಎಣ್ಣೆ ಹಾಕುತ್ತಾ ಮಾತಾಡುವಂಥದ್ದು. ಆಮೇಲಿನದು ಬಾವಿಯೊಳಗೆ ಬಗ್ಗಿ ಯಾರೋ ಬೊಬ್ಬೆ ಹೊಡೆದ ಹಾಗೆ. "ಎರ್ಡೂ ಅಮ್ನೋರೇಯಾ, ಅಲ್ದಾ, ನಂಗೊತ್ತಿಲ್ಲೆ ಮಾಣಿ. ಮಾತ್ರಿಗೆ ಎರ್ಡೂ ಹೋಯ್ತ್." ಅಕ್ಕಿಯಲ್ಲಿ ಹುಗಿದುಕೊಂಡು ನಾನು, ಹೊಸಿಲಲ್ಲಿ ಅತ್ತೆ, ತುಂಬಾ ಹೊತ್ತು ಮಾತಾಡಿದೆವು.

ಮುಂದಿನ ಸಲ ಡಾಕ್ಟರ ಹತ್ತಿರ ಅತ್ತೆಯೇ ಎಲ್ಲ ಹೇಳಿದಳು, ನನ್ನ ದೇವಿಯ ಪಾತ್ರವನ್ನೂ ಸೇರಿಸಿ. ಅವರು ಮೊದಲ ಬಾರಿಗೆ ನನ್ನ ಕಡೆ ತಿರುಗಿದರು. "ಇದ್ದ ಸ್ವರ ಸಾಲದು ಅಂತ ನೀವೂ ಒಂದು ಸೇರಿಸಿದ್ರಾ? ಇನ್ನೊಮ್ಮೆ ಹಾಗೆ ಮಾಡಬೇಡಿ. ಅವರಿಗೆ ನಿಮ್ಮ ಸ್ವರ ಬೇಕು." ನಾನು ಮೇಜಿನ ಮೇಲಿದ್ದ ಕ್ಯಾಲೆಂಡರನ್ನು ಬಹಳ ಆಸಕ್ತಿಯಿಂದ ನೋಡಿದೆ. ಕೈ ನಡುಗುವುದಕ್ಕೆ ಮಾತ್ರೆ ಬದಲಿಸಿದರು. ಮೊಗ್ಗು ಮತ್ತೆ ನಾರಿನಲ್ಲಿ ನಿಲ್ಲಲು ಶುರುವಾಗುವಾಗ ಮಳೆಗಾಲವೇ ಮುಗಿದಿತ್ತು.

ತಟ್ಟೆಯ ಉಪಾಯ ಅತ್ತೆಯದೇ. ಸಂಜೆ ದೀಪ ಹಚ್ಚಿ, ಅಮ್ಮನೋರ ಮುಂದಿನ ತಟ್ಟೆಯಲ್ಲಿ ಹೂವಿನ ಬದಿಗೆ ಮಾತ್ರೆ ಇಟ್ಟು, ಜಾಗಟೆ ಬಡಿದು, ತೀರ್ಥದ ಜೊತೆ ನುಂಗುವುದು. ಅಬ್ಬಿ ಹೌಹಾರಿದಳು. "ಇಂಗ್ಲಿಷ್ ಮದ್ದ್ ದೇವ್ರ ತಟ್ಟಿಗಾ? ಮೈಲಿಗಿ ಆತಿಲ್ಯಾ?" ಅಪ್ಪಯ್ಯ ಮಂಜಣ್ಣನಿಗೆ ಫೋನು ಹಚ್ಚಿದ. ಮಂಜಣ್ಣ ಆ ಕಡೆಯಿಂದ ಸುತ್ತಿಗೆಯ ಸದ್ದಿನ ನಡುವೆ ಕೂಗಿದ: "ಕುಂಕುಮ ಎಲ್ಲಿಂದ ತಪ್ದ್? ಅಂಗಡಿಯಿಂದ ಅಲ್ದಾ? ಮಾತ್ರಿಯೂ ಅಂಗಡಿದೇ. ಇಡಿ ಕಾಂಬ."

ನಮ್ಮ ಮನೆಯ ಜಾಗಟೆಯನ್ನೇ ರೆಕಾರ್ಡ್ ಮಾಡಿ ನನ್ನ ಫೋನಿಗೆ ಅಲಾರಾಂ ಇಟ್ಟುಕೊಂಡೆ. ಅದು ಬಡಿದಾಗ ಎಲ್ಲಿದ್ದರೂ ಅತ್ತೆಗೆ ಫೋನು ಮಾಡಬೇಕು. ಮೊದಮೊದಲು "ಆಯ್ತಾ? ಆಯ್ತ್" ಅಂತ ಇಟ್ಟುಬಿಡುತ್ತಿದ್ದೆ. ಮೂರನೇ ದಿನ ಅತ್ತೆ ಬೈದಳು: "ಆಯ್ತಾ ಕೇಂಡ್ಕಂಡ್ ಫೋನ್ ಇಡುಕೆ ನೀ ಎಂತ ಕರೆಂಟ್ ಆಫೀಸಿನವನಾ? ಎಂತಾರೂ ಮಾತಾಡ್." ಅವತ್ತು ಗಿರಾಕಿಯ ಫೋನು ಚಾಗೆ ಬೀಳಿಸಿದ ಸುದ್ದಿ ಹೇಳಿದೆ. ನಕ್ಕಳು. ಮರುದಿನ ಹೇಳಲು ಎಡವಟ್ಟೇ ಇರಲಿಲ್ಲ, ಹಾಗಾಗಿ ಹಳೆಯದಕ್ಕೇ ಸ್ವಲ್ಪ ಸೇರಿಸಿದೆ: ಚಾ ಅಲ್ಲ, ಸಾಂಬಾರು. ನನ್ನ ಮಾತಿನಲ್ಲಿ ಎಲ್ಲವೂ ಒಂದಕ್ಕೆರಡು ಆಗಿ ಬರುತ್ತದೆ ಎಂದು ನಿಮಗೆ ಇಷ್ಟರಲ್ಲಿ ಗೊತ್ತಾಗಿರಬೇಕು. ಆ ಅಭ್ಯಾಸ ಶುರುವಾದದ್ದು ಹೀಗೆ. ಮಾತ್ರೆ ಬೇರೆ, ಇದು ಬೇರೆ. ಮಾತ್ರೆಯ ಕೆಲಸ ನನ್ನ ಜೋಕಿಗೆ ಆಗುವುದಿಲ್ಲ. ಆದರೆ ನನ್ನ ಜೋಕಿನ ಕೆಲಸ ಮಾತ್ರೆಗೂ ಆಗುವುದಿಲ್ಲ.

ಎಲ್ಲ ಸರಿಹೋಯಿತು ಎಂದು ಮಂಗಳ ಹಾಡಲಾರೆ. ನಡುವೆ ಒಮ್ಮೆ ಮತ್ತೆ ನಿದ್ದೆ ಕೆಟ್ಟಿತು, ಮತ್ತೆ ಕುಂದಾಪುರಕ್ಕೆ ಹೋದೆವು. ಆದರೆ ಅವತ್ತು ಬಂದು ಹೇಳಿದವಳು ಅತ್ತೆಯೇ: "ಬಾವಿ ಸ್ವರ ಬಪ್ಪುಕ್ ಶುರುವಾಯ್ತ್, ಡಾಕ್ಟ್ರತ್ರ ಹೋಪ." ಸುಶೀಲಕ್ಕ ಈಗ ಸಂಜೆ ಹೂ ಕಟ್ಟಲು ನಮ್ಮಲ್ಲಿಗೇ ಬರುತ್ತಾರೆ. ಅವರು ಕಟ್ಟಿದ ಮಾಲೆ ಸಡಿಲ ಎಂದು ಅತ್ತೆ ದಿನಾ ಬಿಚ್ಚಿ ಮತ್ತೆ ಕಟ್ಟುತ್ತಾಳೆ.

ನಿನ್ನೆ ಅದೇ ಬಸ್ಸು, ಅದೇ ಹೊತ್ತು. ನೋಡಿದರೆ ಪಕ್ಕದಲ್ಲಿ ಅದೇ ಹೆಂಗಸು. ಕಿರಿಮಂಜೇಶ್ವರ ಬಂತು, ಕಿಸೆಯಲ್ಲಿ ಜಾಗಟೆ ಬಡಿಯಿತು. ಅವರು ಈ ಸಲ ದೇವಸ್ಥಾನದ ಕಡೆ ನೋಡಲಿಲ್ಲ. ಚೀಲಕ್ಕೆ ಕೈಹಾಕಿ ಒಂದು ಮಾತ್ರೆ ತೆಗೆದು, ಕಣ್ಣಿಗೊತ್ತಿಕೊಂಡು, "ನೀರಿತ್ತಾ ಮಗಾ?" ಅಂದರು. ನನ್ನ ಬಾಟಲಿ ಕೊಟ್ಟೆ. ನುಂಗಿ, ಬಾಯಿ ಒರೆಸಿಕೊಂಡು, "ನಿಮ್ಮತ್ತಿಗೆ ಹೇಳ್, ನಂದೂ ಆಯ್ತ್ ಅಂದೇಳಿ" ಅಂದರು. ಯಾವುದಕ್ಕೆ ಮಾತ್ರೆ ಎಂದು ನಾನು ಕೇಳಲಿಲ್ಲ. ಈ ಸಲ ಚೀಲ ನನ್ನ ತೊಡೆಯ ಮೇಲೇ ಉಳಿಯಿತು.

ಅವರು ಇಳಿದ ಮೇಲೆ ಅತ್ತೆಗೆ ಫೋನು ಮಾಡಿ ಎಲ್ಲ ಹೇಳಿದೆ. ಏನೂ ಸೇರಿಸದೆ ಹೇಳಿದ್ದು ಇದೇ ಮೊದಲು.

"ಹೌದಾ! ಅವ್ರ ಹೆಸ್ರ್ ಎಂತ?"

ಹೆಸರು ಕೇಳಿರಲಿಲ್ಲ.

"ಮಂಗ! ನಾಳಿ ದೀಪ ಹಚ್ಚುವತಿಗೆ ಅಮ್ನೋರತ್ರ ಅ‌ವ್ರದ್ದೂ ಹೇಳುಕೆ ಹೆಸ್ರ್ ಬೇಡ್ದಾ?"

"ಅತ್ತೀ, ಹೆಸ್ರ್ ಹೇಳ್ದಿರೆ ಅಮ್ನೋರಿಗೆ ಗೊತ್ತಾತಿಲ್ಯಾ?" ಅಂದೆ. ಆಮೇಲೆ, ಸ್ವಲ್ಪ ಅಳುಕಿ, ದಿನಾ ಕೇಳಬೇಕೆಂದುಕೊಂಡು ಬಿಟ್ಟದ್ದನ್ನು ಕೇಳಿದೆ. "ಅವ್ರ್ ಈಗ ಎಂತಾರೂ ಹೇಳ್ತ್ರಾ?"

ಆ ಕಡೆಯಿಂದ ನಾರು ಎಳೆದು ಗಂಟು ಹಾಕುವ ಸಣ್ಣ ಸದ್ದು ಬಂತು.

"ಇಲ್ಲೆ ಮಾಣಿ. ಆಗ ಅವ್ರೇ ಮಾತಾಡ್ತಿದ್ರ್, ನಂಗೆ ಬಾಯಿ ತೆಗುಕೆ ಬಿಡ್ತಿರ್ಲಿಲ್ಲೆ. ಈಗ ಹೇಳುದ್ ನಾನ್, ಕೇಂಬುದ್ ಅವ್ರ್. ನೀ ನಾಳಿ ಹೆಸ್ರ್ ಕೇಂಡ್ಕಂಡ್ ಬಾ."